ತೋಟ ಒಂದೇ, ವಿಳಾಸ ಎರಡು

ಫೈಲ್ ಪಾತ್ ಅಂದರೆ ಫೈಲಿನ ವಿಳಾಸ, ಅಷ್ಟೇ. ಯಾವ ಫೋಲ್ಡರಿನೊಳಗೆ ಯಾವ ಫೋಲ್ಡರ್, ಅದರೊಳಗೆ ಯಾವ ಫೈಲ್. ಇಷ್ಟು ಸಣ್ಣ ವಿಷಯಕ್ಕೆ ನಮ್ಮ ಟೀಮಿನಲ್ಲಿ ಎರಡು ವಾರ ಜಗಳ ಆಯ್ತು ಅಂದ್ರೆ ನೀವು ನಗ್ತೀರ.

ನಾವು ನೋಡಿಕೊಳ್ಳೋ ಲೈಬ್ರರಿಯಲ್ಲಿ ಒಂದು ಫಂಕ್ಷನ್ ವಿಂಡೋಸ್ ಶೈಲಿಯ ಪಾತ್ ಕೊಡುತ್ತಿತ್ತು, ಇನ್ನೊಂದು ಯುನಿಕ್ಸ್ ಶೈಲಿಯದು. ಯುನಿಕ್ಸ್‌ನಲ್ಲಿ ಫೋಲ್ಡರುಗಳ ನಡುವೆ ಸ್ಲ್ಯಾಶ್, ವಿಂಡೋಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್. ಇದರ ಹಿಂದೆ ದೊಡ್ಡ ತತ್ವವೇನೂ ಇಲ್ಲ. 1981ರ ಮೊದಲ ಡಾಸ್‌ನಲ್ಲಿ ಫೋಲ್ಡರುಗಳೇ ಇರಲಿಲ್ಲ. ಸ್ಲ್ಯಾಶನ್ನು ಕಮಾಂಡುಗಳ ಆಯ್ಕೆಗೆ ಬಳಸಿಬಿಟ್ಟಿದ್ದರು. 1983ರಲ್ಲಿ ಡಾಸ್ 2.0ಗೆ ಫೋಲ್ಡರ್ ಬರುವಷ್ಟರಲ್ಲಿ ಬಸ್ಸಿನ ಸೀಟಿಗೆ ಟವೆಲ್ ಬಿದ್ದಾಗಿತ್ತು. ಉಳಿದದ್ದು ಬ್ಯಾಕ್‌ಸ್ಲ್ಯಾಶ್. ನಾವೆಲ್ಲ ಇವತ್ತಿಗೂ ನಿಂತುಕೊಂಡೇ ಹೋಗ್ತಿದ್ದೀವಿ.

"ಬ್ಯಾಕ್‌ಸ್ಲ್ಯಾಶ್ ಕಂಡಲ್ಲೆಲ್ಲ ಸ್ಲ್ಯಾಶ್ ಮಾಡಿಬಿಡಿ" ಅಂದರು ಸೀನಿಯರ್ ಒಬ್ಬರು. ಆದರೆ ಲಿನಕ್ಸ್‌ನಲ್ಲಿ ಬ್ಯಾಕ್‌ಸ್ಲ್ಯಾಶ್ ಫೈಲಿನ ಹೆಸರಲ್ಲೇ ಇರಬಹುದು. ಬದಲಿಸಿದರೆ ಬೇರೆಯವರ ಮನೆ ಬಾಗಿಲು ತಟ್ಟಿದಂತೆ.

ಅಷ್ಟರಲ್ಲಿ ಬಳಕೆದಾರರೊಬ್ಬರ ದೂರು ಬಂತು. ಹಳೆಯ ಮ್ಯಾಕ್‌ನಿಂದ ತೆಗೆದ ಬ್ಯಾಕಪ್ಪಿನಲ್ಲಿ ‘ತೋಟ’ ಅನ್ನೋ ಫೋಲ್ಡರ್. ಒಳಗೆ ಮಾರಿಹೋದ ತೋಟದ ಫೋಟೋಗಳು. ಕಣ್ಣಿಗೆ ಕಾಣ್ತಿದೆ, ನಮ್ಮ ಲೈಬ್ರರಿ ಮಾತ್ರ ‘ಇಲ್ಲ’ ಅಂತಿದೆ.

ಯುನಿಕೋಡ್‌ನಲ್ಲಿ ‘ತೋಟ’ವನ್ನು ಎರಡು ರೀತಿ ಬರೆಯಬಹುದು. ‘ತೋ’ದ ಸ್ವರಚಿಹ್ನೆಯನ್ನು ಇಡಿಯಾಗಿಟ್ಟರೆ ಇಡೀ ಪದಕ್ಕೆ ಮೂರು ಸಂಕೇತ, ಎತ್ವ, ಕೊಂಬಿನ ಇಳಿ, ದೀರ್ಘ ಅಂತ ಬಿಡಿಸಿಟ್ಟರೆ ಐದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿ ಇಡುತ್ತಿತ್ತು. ನಾವು ಹುಡುಕಿದ್ದು ಇಡಿಯಾದ ರೂಪ. ಸರ್ವರಿನ ಲಿನಕ್ಸ್ ಬೈಟುಗಳನ್ನಷ್ಟೇ ನೋಡುತ್ತೆ. ಅದರ ಲೆಕ್ಕದಲ್ಲಿ ಇವು ಎರಡು ಬೇರೆ ಬೇರೆ ತೋಟ.

"ಕನ್ನಡದಲ್ಲಿ ಯಾರ್ರೀ ಫೈಲಿಗೆ ಹೆಸರಿಡ್ತಾರೆ? ಇಂಗ್ಲಿಷಲ್ಲಿ ಇಡೋಕೆ ಹೇಳಿ" ಅಂದರು ಮೀಟಿಂಗಿನಲ್ಲಿ ಒಬ್ಬರು.

"ನಮ್ಮಪ್ಪ ಇಡ್ತಾರೆ" ಅಂದೆ. ಪಹಣಿ, ಅಡಿಕೆ ಲೆಕ್ಕ, ಕರೆಂಟ್ ಬಿಲ್ಲು, ಎಲ್ಲದಕ್ಕೂ ಅವರ ಫೋನಿನಲ್ಲಿ ಕನ್ನಡದ್ದೇ ಹೆಸರು. ಫೈಲ್ ಸಿಗದಿದ್ದರೆ ಅವರು ಯುನಿಕೋಡನ್ನು ಬೈಯಲ್ಲ, ‘ನಂಗೇ ಬರಲ್ಲ’ ಅಂತ ಫೋನ್ ಕೆಳಗಿಡ್ತಾರೆ.

ಕೊನೆಗೆ ಒಪ್ಪಿದ ನಿಯಮ ಇಷ್ಟು. ಪಾತ್ ಲೈಬ್ರರಿಯ ಹೊಸ್ತಿಲು ದಾಟುವಾಗಲೇ ಪಾತ್ ಆಬ್ಜೆಕ್ಟ್ ಆಗಬೇಕು. ಪೈಥಾನ್‌ಗೆ 3.4ರಿಂದಲೇ ಪಾತ್‌ಲಿಬ್ ಇದೆ. ಒಳಗೆ ಯಾರೂ ಬರೀ ಸ್ಟ್ರಿಂಗ್ ಅಂಟಿಸುವಂತಿಲ್ಲ. ಹೆಸರು ಹೋಲಿಸುವಾಗ ಎರಡನ್ನೂ ಒಂದೇ ಯುನಿಕೋಡ್ ರೂಪಕ್ಕೆ ತರಬೇಕು. ಫೈಲ್ ತೆರೆಯುವಾಗ ಮಾತ್ರ ಡಿಸ್ಕಿನಲ್ಲಿ ಹೇಗಿದೆಯೋ ಹಾಗೇ. ಜನ ಇಟ್ಟ ಹೆಸರು ತಿದ್ದೋಕೆ ನಾವ್ಯಾರು?

ಈಗ ನಮ್ಮ ಟೆಸ್ಟುಗಳಲ್ಲಿ ‘ತೋಟ’ ಎರಡೂ ರೂಪದಲ್ಲಿದೆ. ಒಂದು ಸಿಗದಿದ್ದರೂ ರಿಲೀಸ್ ಇಲ್ಲ.