ಡಬ್ಬಿ ತಿರುಗಿ ಬಂದಾಗ

ನಮ್ಮೂರಿಗೆ ಸಿನಿಮಾ ಬರುತ್ತಿದ್ದದ್ದು ಬಸ್ಸಿನ ಟಾಪಿನ ಮೇಲೆ. ಬೆಂಗಳೂರಿನ ಗಾಂಧಿನಗರದ ವಿತರಕರ ಆಫೀಸಿನಿಂದ ಹೊರಟ ತಗಡಿನ ಪೆಟ್ಟಿಗೆ ತಿಪಟೂರಿನಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ಹರಾಜು ಮುಗಿಸಿ ಊರಿಗೆ ಮರಳುವ ರೈತರ ಖಾಲಿ ಕೊಬ್ಬರಿ ಚೀಲಗಳ ನಡುವೆ ಕೂತು ನಮ್ಮ ಹೋಬಳಿ ತಲುಪುತ್ತಿತ್ತು. 1980ರ ದಶಕದ ಮೊದಲ ವರ್ಷಗಳ ಮಾತು. ಟೂರಿಂಗ್ ಟಾಕೀಸಿನ ಆಪರೇಟರ್ ನನ್ನ ಚಿಕ್ಕಪ್ಪ. ಪೆಟ್ಟಿಗೆ ಇಳಿಸಿಕೊಳ್ಳುವಾಗ ಒಂದು ಕೈ ಹಿಡಿಯುವ ನೆಪದಲ್ಲಿ ನಾನೂ ಬಸ್‌ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತಿದ್ದೆ. ಪೆಟ್ಟಿಗೆಯ ಮೇಲೆ ಸುಣ್ಣದಲ್ಲೋ ಬಣ್ಣದಲ್ಲೋ ಬರೆದ ಹೆಸರು ಮೊದಲು ಓದಿದವನು ಆ ವಾರ ಸ್ಕೂಲಿನಲ್ಲಿ ದೊಡ್ಡ ಮನುಷ್ಯ.

ಹೊಸ ಸಿನಿಮಾ ನಮ್ಮ ಟೆಂಟಿಗೆ ಬರುವಷ್ಟರಲ್ಲಿ ಹಳತಾಗಿರುತ್ತಿತ್ತು. ಬೆಂಗಳೂರು, ಮೈಸೂರು, ಜಿಲ್ಲಾ ಕೇಂದ್ರ, ತಾಲೂಕು, ಎಲ್ಲ ಮುಗಿದ ಮೇಲೆ ನಾವು. ಆದರೂ ಅದನ್ನು ಹೊಸದು ಎಂದೇ ಲೆಕ್ಕ ಹಿಡಿದು, ಪರ್ಸೆಂಟೇಜ್ ಮೇಲೆ ಕೊಟ್ಟು, ಕಲೆಕ್ಷನ್ ನೋಡಿಕೊಳ್ಳಲು ವಿತರಕರ ಕಡೆಯಿಂದ ಒಬ್ಬ ರೆಪ್ರೆಸೆಂಟೇಟಿವ್ ಬರುತ್ತಿದ್ದ. ಟಿಕೆಟ್ ಪುಸ್ತಕದ ನಂಬರು ಬರೆದುಕೊಂಡು, ಹೋಟೆಲಿನಲ್ಲಿ ನಮ್ಮ ಟೆಂಟಿನ ಲೆಕ್ಕಕ್ಕೆ ತಿಂಡಿ ತಿನ್ನುತ್ತಿದ್ದ. ನಿಜವಾಗಿ ಹಳೆಯ ಸಿನಿಮಾಕ್ಕೆ ಈ ರಾಜೋಪಚಾರ ಇರಲಿಲ್ಲ. ಇಷ್ಟು ದಿನಕ್ಕೆ ಇಷ್ಟು ಬಾಡಿಗೆ ಅಂತ ಕೊಟ್ಟು ತಂದರೆ ಮುಗಿಯಿತು, ಪೆಟ್ಟಿಗೆ ಮಾತ್ರ ಬರುತ್ತಿತ್ತು. ಮೇಲೆ ಬಂದದ್ದೆಲ್ಲ ಟೆಂಟಿನ ಮಾಲೀಕರಿಗೆ. ಅದಕ್ಕೇ ಮಾಲೀಕರಿಗೆ ಹಳೆಯ ಸಿನಿಮಾದ ಮೇಲೆ ಪ್ರೀತಿ. ನಮ್ಮಲ್ಲಿ ಒಂದೇ ಸಿನಿಮಾವನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ ಬೆಳೆದದ್ದು ಈ ಲೆಕ್ಕಾಚಾರದಿಂದ. ರಸಿಕತೆ ಆಮೇಲೆ ಬಂತು.

ಯಾವ ಹಳೆಯ ಸಿನಿಮಾ ತರಬೇಕು ಎನ್ನುವುದನ್ನು ಮಾತ್ರ ಮಾಲೀಕರು ತೀರ್ಮಾನಿಸುತ್ತಿರಲಿಲ್ಲ. ನೆಲದ ಟಿಕೆಟ್ಟಿನ ಹೆಂಗಸರ ಕಡೆ ಕೂರುತ್ತಿದ್ದವರು ತೀರ್ಮಾನಿಸುತ್ತಿದ್ದರು. ಟೆಂಟಿನೊಳಗೆ ಮರಳು ಹಾಸಿದ ನೆಲ, ಮಧ್ಯೆ ಮೊಣಕಾಲೆತ್ತರದ ಗೋಡೆ, ಆ ಕಡೆ ಹೆಂಗಸರು, ಈ ಕಡೆ ಗಂಡಸರು, ಹಿಂದೆ ಬೆಂಚು, ಅದಕ್ಕೂ ಹಿಂದೆ ಕುರ್ಚಿ. ಹೊಡೆದಾಟದ ಸಿನಿಮಾ ಬಂದರೆ ಗಂಡುಹುಡುಗರು ಮೊದಲ ದಿನ ನುಗ್ಗಿ ಮೂರನೆಯ ದಿನಕ್ಕೆ ನಾಪತ್ತೆ. ಹೆಂಗಸರದು ಹಾಗಲ್ಲ. ಮೊದಲ ದಿನ ಹತ್ತಾರು ಜನ. ಅವರು ಮಾರನೆಯ ದಿನ ಸೇದುವ ಬಾವಿಯ ಹತ್ತಿರ ಕಥೆ ಹೇಳಿ ಮುಗಿಸುವಷ್ಟರಲ್ಲಿ ಸಂಜೆಗೆ ಐವತ್ತು. ಶನಿವಾರಕ್ಕೆ ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಘಂಟಸಾಲ ಹಾಡಿದ ವೆಂಕಟೇಶನ ಹಾಡು ಮೈಕಿನಲ್ಲಿ ಕೇಳಿದರೆ ಟಿಕೆಟ್ ಕೊಡಲು ಶುರು ಅಂತ ಅರ್ಥ. ಅದು ಕೇಳಿದ ಕೂಡಲೇ ಮುದ್ದೆ ತಿರುವುತ್ತಿದ್ದ ಕೋಲು ಹಾಗೇ ಬಿಟ್ಟು ಓಡಿದವರನ್ನು ನೋಡಿದ್ದೇನೆ.

ಅವರು ಕೇಳಿ ಕೇಳಿ ತರಿಸುತ್ತಿದ್ದ ಸಿನಿಮಾಗಳಲ್ಲಿ ‘ಎರಡು ಕನಸು’ ಮೊದಲನೆಯದು. 1974ರದು, ವಾಣಿಯವರ ಕಾದಂಬರಿ, ದೊರೈ-ಭಗವಾನ್ ನಿರ್ದೇಶನ, ರಾಜನ್-ನಾಗೇಂದ್ರ ಸಂಗೀತ. ಲಲಿತೆಯನ್ನು ಪ್ರೀತಿಸಿದ ರಾಮು, ಮನೆಯವರ ಹಟಕ್ಕೆ ಸೋತು ಗೌರಿಯನ್ನು ಮದುವೆಯಾಗುತ್ತಾನೆ. ಆಮೇಲೆ ಅವಳ ಮುಖ ನೋಡುವುದಿಲ್ಲ. ಮಂಜುಳಾ ಇದ್ದ ಮೊದಲ ಭಾಗ ಗಂಡಸರಿಗೆ, ಕಲ್ಪನಾ ಬರುವ ಎರಡನೆಯ ಭಾಗ ಹೆಂಗಸರಿಗೆ ಅಂತ ಚಿಕ್ಕಪ್ಪ ಹೇಳುತ್ತಿದ್ದ. ನನಗನ್ನಿಸುವುದು ಬೇರೆ. ರಾಜ್‌ಕುಮಾರ್ ಅಭಿನಯಿಸಿದ ನಾಯಕರಲ್ಲಿ ಇಷ್ಟು ಹೊತ್ತು ತಪ್ಪು ಮಾಡುತ್ತಲೇ ಇರುವ ನಾಯಕರು ಕಡಿಮೆ. ಕಟ್ಟಿಕೊಂಡವಳನ್ನು ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವಳು ಮನೆಯಲ್ಲಿ ಇದ್ದಾಳೆ ಎನ್ನುವುದನ್ನೇ ಗಣನೆಗೆ ತಂದುಕೊಳ್ಳುವುದಿಲ್ಲ. ಅಣ್ಣಾವ್ರನ್ನು ದೇವರಂತೆ ಕಾಣುತ್ತಿದ್ದ ಊರಿನಲ್ಲಿ, ಆ ಎರಡು ಗಂಟೆ ಮಾತ್ರ, ಹೆಂಗಸರ ಕಡೆಯಿಂದ ಅಣ್ಣಾವ್ರಿಗೆ ಗಟ್ಟಿಯಾಗಿ ಬೈಗುಳ ಬೀಳುತ್ತಿತ್ತು. ಗಂಡಸರು ಈಚೆ ಕೂತು ಕೇಳಿಸಿಕೊಳ್ಳುತ್ತಿದ್ದರು. ತಮಗೇ ಬಿದ್ದದ್ದು ಅಂತ ಕೆಲವರಿಗಾದರೂ ಗೊತ್ತಾಗಿರಬೇಕು. ಲಲಿತೆ ತನ್ನ ಪಾಡಿಗೆ ಮದುವೆಯಾಗಿ ಸುಖವಾಗಿದ್ದಾಳೆ ಎಂದು ತಿಳಿದು ರಾಮುವಿನ ಕಣ್ಣು ತೆರೆಯುವ ಕೊನೆಯ ರೀಲು ಬಂದಾಗ, ‘ಈಗ ಬಂತಾ ಬುದ್ಧಿ’ ಎಂದು ಯಾರಾದರೂ ಒಬ್ಬರು ಕೂಗಲೇಬೇಕು. ಪ್ರತಿ ಸಲ ಬೇರೆಯವರು ಕೂಗುತ್ತಿದ್ದರು.

ನಾನು ಅದನ್ನು ನೋಡುವ ಹೊತ್ತಿಗೆ ಕಲ್ಪನಾ ಬದುಕಿರಲಿಲ್ಲ. ಅವರು ತೀರಿಕೊಂಡದ್ದು 1979ರಲ್ಲಿ. ಊರಿನ ಹೆಂಗಸರಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಗೌರಿ ಪರದೆಯ ಮೇಲೆ ಬಂದ ಕೂಡಲೇ ಸೆರಗು ಬಾಯಿಗೆ ಹೋಗುತ್ತಿತ್ತು. ಅತ್ತದ್ದು ಗೌರಿಗೋ ಕಲ್ಪನಾಗೋ ಎಂದು ಬಿಡಿಸಿ ನೋಡುವಂತಿರಲಿಲ್ಲ. ಕಲ್ಪನಾ ಇದ್ದ ‘ಬಯಲು ದಾರಿ’ಯನ್ನೂ ಇದೇ ಕಾರಣಕ್ಕೆ ಕೇಳಿ ತರಿಸುತ್ತಿದ್ದರು. ಭಾರತೀಸುತರ ಕಾದಂಬರಿಯಿಂದ ಇದೇ ದೊರೈ-ಭಗವಾನ್ 1976ರಲ್ಲಿ ತೆಗೆದದ್ದು, ಪೈಲಟ್ ಆಗಿ ಎಳೆಯ ಅನಂತನಾಗ್. ನಮ್ಮ ಕಡೆ ಬಸ್ಸು ಬರುವುದೇ ಕಷ್ಟವಾಗಿದ್ದ ಕಾಲದಲ್ಲಿ ಪೈಲಟ್‌ನನ್ನು ಪ್ರೀತಿಸುವ ಹುಡುಗಿಯ ಕಥೆ ಹೇಗೆ ಹಿಡಿಸಿತೋ!

ಟೆಂಟಿನಲ್ಲಿ ಪ್ರೊಜೆಕ್ಟರ್ ಒಂದೇ. 35 ಎಂಎಂ ಫಿಲಂ ಮಿನಿಟಿಗೆ 90 ಅಡಿ ಓಡುತ್ತದೆ. 2,000 ಅಡಿಯ ಒಂದು ಸ್ಪೂಲು ಸುಮಾರು 22 ಮಿನಿಟಿನಲ್ಲಿ ಖಾಲಿ. ಎರಡೂವರೆ ಗಂಟೆಯ ಸಿನಿಮಾ ಎಂದರೆ 13,500 ಅಡಿ ಆಸುಪಾಸು. ಪಟ್ಟಣದ ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರ್ ಇದ್ದು ಒಂದರಿಂದ ಇನ್ನೊಂದಕ್ಕೆ ದಾಟಿದ್ದು ಗೊತ್ತೇ ಆಗುತ್ತಿರಲಿಲ್ಲ. ನಮ್ಮಲ್ಲಿ ಸ್ಪೂಲು ಮುಗಿದಾಗಲೆಲ್ಲ ದೀಪ ಹಾಕಿ, ಹೊಸದು ಏರಿಸಿ, ಕಾರ್ಬನ್ ಕಡ್ಡಿಗಳ ಅಂತರ ಸರಿಮಾಡಿ ಮತ್ತೆ ಶುರು. ಸಿನಿಮಾದ ಗತಿಯನ್ನು ಹಾಳುಮಾಡುವ ವ್ಯವಸ್ಥೆ ಎಂದು ಈಗಿನವರು ಹೇಳಬಹುದು. ಆದರೆ ಕಣ್ಣೊರೆಸಿಕೊಂಡು, ಮಗುವಿಗೆ ಹಾಲೂಡಿಸಿ, ‘ಈಗ ನೋಡು, ಅವನು ಅವಳನ್ನ ಬಿಟ್ಟು ಹೋಗ್ತಾನೆ’ ಎಂದು ಮೊದಲ ಸಲ ಬಂದವರಿಗೆ ಮುಂದಿನ ರೀಲಿನ ಕಥೆ ಹೇಳಲು ಆ ಬಿಡುವು ಬೇಕಿತ್ತು. ಕಥೆ ಮೊದಲೇ ತಿಳಿದರೆ ರಸಭಂಗ ಎನ್ನುವ ಕಲ್ಪನೆ ಅಲ್ಲಿ ಯಾರಿಗೂ ಇರಲಿಲ್ಲ. ಮುಂದೆ ಏನಾಗುತ್ತದೆ ಎಂದು ಗೊತ್ತಿದ್ದವರೇ ಹೆಚ್ಚು ಅಳುತ್ತಿದ್ದರು.

ಎರಡು ಮೂರು ವರ್ಷಕ್ಕೊಮ್ಮೆ ತಿರುಗಿ ಬರುತ್ತಿದ್ದ ಪ್ರಿಂಟು ಪ್ರತಿ ಸಲವೂ ಸ್ವಲ್ಪ ಗಿಡ್ಡವಾಗಿರುತ್ತಿತ್ತು. ಹಲ್ಲು ಕಿತ್ತ ಫಿಲಂ ಗೇಟಿನಲ್ಲಿ ಸಿಕ್ಕಿ ಹರಿದರೆ, ಹರಿದ ಭಾಗ ಕತ್ತರಿಸಿ, ಎರಡು ತುದಿ ಕೆರೆದು, ಸಿಮೆಂಟು ಹಚ್ಚಿ ಒತ್ತಿ ಹಿಡಿಯಬೇಕು. ಪ್ರತಿ ಊರಿನಲ್ಲೂ ಹೀಗೆ ಒಂದಿಷ್ಟು ಉದುರುತ್ತಿತ್ತು. ಉದುರಿದ ತುಂಡುಗಳಿಗೆ ನಾವು ಹುಡುಗರು ವಾರಸುದಾರರು. ಫ್ಯೂಸಾದ ಬಲ್ಬಿಗೆ ನೀರು ತುಂಬಿ, ಕನ್ನಡಿಯಿಂದ ಬಿಸಿಲು ಬಿಟ್ಟು, ಗೋಡೆಯ ಮೇಲೆ ಮಂಜುಳಾಳನ್ನು ತಲೆಕೆಳಗಾಗಿ ನಿಲ್ಲಿಸುತ್ತಿದ್ದೆವು. ಚಿಕ್ಕಪ್ಪ ಮಾತ್ರ ಹಾಡು ಹರಿದ ದಿನ ಊಟ ಮಾಡುತ್ತಿರಲಿಲ್ಲ. ಮಾತು ಎರಡು ಹೋದರೆ ಜನ ಸುಮ್ಮನಿರುತ್ತಾರೆ, ಹಾಡಿನ ಚರಣ ಹಾರಿದರೆ ಬೂತಿಗೆ ಕಲ್ಲು ಬೀಳುತ್ತದೆ ಎನ್ನುವುದು ಅವನ ಅನುಭವ.

ನಮ್ಮ ಟೆಂಟಿನಲ್ಲಿ ನೆಲದವರೂ ಕುರ್ಚಿಯವರೂ ಒಟ್ಟಿಗೆ ಅತ್ತ ಕೊನೆಯ ದೊಡ್ಡ ಸಿನಿಮಾ ‘ಬಂಧನ’. 1984ರಲ್ಲಿ ತೆರೆಕಂಡ, ಉಷಾ ನವರತ್ನರಾಂ ಅವರ ಕಾದಂಬರಿ ಆಧರಿಸಿದ, ರಾಜೇಂದ್ರಸಿಂಗ್ ಬಾಬು ಚಿತ್ರ. ವಿಷ್ಣುವರ್ಧನ್ ಅಭಿನಯಿಸಿದ ಡಾಕ್ಟರ್ ಹರೀಶ್ ಪ್ರೀತಿಸುತ್ತಾನೆ, ನಂದಿನಿ ಅವನನ್ನು ಸ್ನೇಹಿತ ಎಂದಷ್ಟೇ ತಿಳಿದಿರುತ್ತಾಳೆ. ಇಲ್ಲಿ ಯಾರನ್ನು ಬೈಯಬೇಕು ಎಂದು ಹೆಂಗಸರಿಗೆ ಮೊದಲ ದಿನ ಗೊತ್ತಾಗಲಿಲ್ಲ. ಹರೀಶ್ ಒಳ್ಳೆಯವನು, ನಂದಿನಿಯದು ತಪ್ಪಿಲ್ಲ. ನಂದಿನಿಯನ್ನು ಕಟ್ಟಿಕೊಂಡವನ ಸಂಶಯದ ಬುದ್ಧಿ ಹೊರಬಿದ್ದ ಮೇಲೆ ಅವರಿಗೆ ಒಂದು ದಾರಿ ಸಿಕ್ಕಿತು. ವಿಷ್ಣುವರ್ಧನ್ ಅಂದರೆ ರೇಗುವ ಹುಡುಗ ಎಂದುಕೊಂಡಿದ್ದ ಗಂಡಸರು ಆ ವಾರ ಮೆತ್ತಗಾಗಿದ್ದರು. ನನ್ನ ಮಟ್ಟಿಗೆ, ಈಗಲೂ ಮತ್ತೆ ನೋಡಬಹುದಾದ ಕನ್ನಡ ಪ್ರೇಮಕಥೆಗಳಲ್ಲಿ ಅದರ ಮೊದಲರ್ಧ ತುಂಬ ಮೇಲಿದೆ. ಕೊನೆಯ ಅರ್ಧ ಗಂಟೆಯ ಕಣ್ಣೀರು ಸ್ವಲ್ಪ ಹೆಚ್ಚಾಯಿತು ಎನ್ನುವುದು ಮನೆಯಲ್ಲಿ ಯಾರೂ ಒಪ್ಪದ ಅಭಿಪ್ರಾಯ.

ಆಮೇಲೆ ಟಿವಿ. ಪಂಚಾಯತಿ ಆಫೀಸಿನ ಮುಂದೆ ಭಾನುವಾರ ಸಂಜೆ ದೂರದರ್ಶನದ ಸಿನಿಮಾ ನೋಡಲು ಚಾಪೆ ಹಾಸಿದ ದಿನವೇ ಟೆಂಟಿನ ಆಯುಷ್ಯ ಮುಗಿಯಿತು ಅಂತ ಮಾಲೀಕರು ಅಂದುಕೊಂಡರು. ಅವರು ಅಂದುಕೊಂಡಷ್ಟು ಬೇಗ ಮುಗಿಯಲಿಲ್ಲ. ಮಳೆಗಾಲದಲ್ಲಿ ಬಿಚ್ಚಿದ ಟೆಂಟನ್ನು ಮತ್ತೆ ಕಟ್ಟದೆ ಬಿಟ್ಟದ್ದು ವಿಸಿಪಿ ಬಂದ ಮೇಲೆ. ಒಂದು ರಾತ್ರಿಗೆ ಬಣ್ಣದ ಟಿವಿ, ವಿಸಿಪಿ, ಮೂರು ಕ್ಯಾಸೆಟ್ಟು ಬಾಡಿಗೆಗೆ ತಂದು, ಗಣೇಶನ ಪೆಂಡಾಲಿನಲ್ಲಿ ಬೆಳಗಿನವರೆಗೂ ಹಾಕುತ್ತಿದ್ದರು. ಮೂರರಲ್ಲಿ ಒಂದು ರಾಜ್‌ಕುಮಾರ್, ಒಂದು ಫೈಟಿಂಗು, ಒಂದು ‘ಗಣೇಶನ ಮದುವೆ’. 1990ರ ಈ ಸಿನಿಮಾ ಥಿಯೇಟರಿಗಿಂತ ಹೆಚ್ಚು ಇಂಥ ಪೆಂಡಾಲುಗಳಲ್ಲಿ ಬಾಳಿತು ಎನ್ನಲು ನನಗೆ ಸಂಕೋಚವಿಲ್ಲ. ಒಂದೇ ವಠಾರದಲ್ಲಿ ಎದುರು ಬದುರು ಜಗಳವಾಡುವ ಗಂಡು ಹೆಣ್ಣು, ಪತ್ರದಲ್ಲಿ ಮಾತ್ರ ಒಬ್ಬರನ್ನೊಬ್ಬರು ಅರಿಯದೆ ಪ್ರೀತಿಸುವ ಕಥೆ. ಅನಂತನಾಗ್, ವಿನಯಾ ಪ್ರಸಾದ್, ಓನರ್ ಪಾತ್ರದ ಮುಖ್ಯಮಂತ್ರಿ ಚಂದ್ರು. ಫಣಿ ರಾಮಚಂದ್ರ ಇದರಲ್ಲಿ ಯಾರನ್ನೂ ಅಳಿಸಲು ಹೋಗಿಲ್ಲ. ಅತ್ತು ನೋಡುವ ಸಿನಿಮಾ ಮೂರು ಸಲಕ್ಕೆ ಸವೆಯುತ್ತದೆ, ನಕ್ಕು ನೋಡುವ ಪ್ರೇಮಕಥೆಗೆ ಸವಕಳಿ ಕಡಿಮೆ. ನಮ್ಮ ಮನೆಯಲ್ಲಿ ಅದರ ಮಾತುಗಳನ್ನು ಪಾತ್ರಗಳಿಗಿಂತ ಅರ್ಧ ಕ್ಷಣ ಮೊದಲೇ ಹೇಳುವವರಿದ್ದಾರೆ.

ಟೆಂಟ್ ನಿಂತ ಮೇಲೆ ಚಿಕ್ಕಪ್ಪ ತಾಲೂಕಿನ ಥಿಯೇಟರಿಗೆ ಸೇರಿದ. ನಾನು ಕೆಲಸಕ್ಕೆ ಬೆಂಗಳೂರಿಗೆ ಬಂದೆ. ‘ಬಂಗಾರದ ಮನುಷ್ಯ’ ಎರಡು ವರ್ಷ ಓಡಿದ ಸ್ಟೇಟ್ಸ್ ಥಿಯೇಟರು ಎಲ್ಲಿ ಎಂದು ಕೇಳಿದರೆ, ಅದೇ ಇದು ಎಂದು ಕೆಂಪೇಗೌಡ ರಸ್ತೆಯಲ್ಲಿ ಭೂಮಿಕಾ ತೋರಿಸಿದರು. ಆಗಿನ್ನೂ ಆ ರಸ್ತೆಯಲ್ಲೂ ಅದರ ಸುತ್ತಮುತ್ತಲೂ ಹೆಜ್ಜೆಗೊಂದು ಥಿಯೇಟರು. ಸಾಗರ್, ಕಪಾಲಿ, ತ್ರಿಭುವನ್, ಕೈಲಾಶ್ ಎಂದು ವಿಳಾಸ ಹೇಳುವುದೇ ಥಿಯೇಟರಿನ ಹೆಸರಿನಿಂದ. ಅಂಥವುಗಳಲ್ಲಿ ಹಲವು ಆಮೇಲೆ ಮುಚ್ಚಿದವು.

2006ರ ಡಿಸೆಂಬರ್ 29ಕ್ಕೆ ‘ಮುಂಗಾರು ಮಳೆ’ ಬಂತು. ಮತ್ತೆ ಮತ್ತೆ ನೋಡುವ ಹುಚ್ಚು ಮರುಕಳಿಸಿತು, ಆದರೆ ಕೂತು ನೋಡುವ ಜಾಗ ಬೇರೆಯಾಗಿತ್ತು. ಕನ್ನಡ ಸಿನಿಮಾ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿದ್ದನ್ನು ಅದರಿಂದಲೇ ಮೊದಲು ಕಂಡೆವು. ಬಯಸಿದ ಹುಡುಗಿಯನ್ನು ಹುಡುಗ ತಾನಾಗಿ ಬಿಟ್ಟುಕೊಡುವ ಅದರ ಕಥೆಯಲ್ಲಿ ಹಳೆಯ ಕಾದಂಬರಿಗಳ ತ್ಯಾಗದ ಎಳೆ ಇದೆ. ನಿರ್ದೇಶಕ ಯೋಗರಾಜ್ ಭಟ್ಟರು ಅದಕ್ಕೆ ಒಂದು ಮೊಲವನ್ನೂ ತಡೆಯಿಲ್ಲದ ಮಾತನ್ನೂ ಸೇರಿಸಿದರು. ಚಿಕ್ಕಮ್ಮನನ್ನು ಊರಿಂದ ಕರೆಸಿ ಪಿವಿಆರ್‌ಗೆ ಕರೆದುಕೊಂಡು ಹೋಗಿದ್ದೆ. ಮಳೆ ಇಷ್ಟವಾಯಿತು. ಅಕ್ಕಪಕ್ಕದವರು ಮಾತಾಡದೆ ಕೂತದ್ದು ಇಷ್ಟವಾಗಲಿಲ್ಲ.

ಅದೇ ಸುಮಾರಿಗೆ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿತು. ದಿನಸಿ ಅಂಗಡಿಯಲ್ಲಿ ಸೋಪಿನ ಪಕ್ಕ ಸಿನಿಮಾ ಸಿಗುತ್ತಿತ್ತು. ಕೊಂಡು ತಂದು ಹಾಕಿದರೆ, ಎಷ್ಟೋ ಸಿನಿಮಾಗಳಲ್ಲಿ ನಾನು ಟೆಂಟಿನಲ್ಲಿ ಕಂಡೇ ಇರದ ಮಾತುಗಳು, ಇಡೀ ದೃಶ್ಯಗಳು! ಯಾವುದೋ ಊರಿನ ಹುಡುಗರ ಬಲ್ಬಿನ ಮುಂದೆ ಹೋದ ತುಂಡುಗಳು ಇವು.

ಎಲ್ಲಕ್ಕೂ ಇಂಥ ಅದೃಷ್ಟ ಇಲ್ಲ. ಕನ್ನಡ ಸಿನಿಮಾಗಳ ಸಂಸ್ಕರಣೆ ಬಹುಕಾಲ ನಡೆದದ್ದು ಮದ್ರಾಸಿನ ಲ್ಯಾಬುಗಳಲ್ಲಿ. ಬಿಸಿಲು, ತೇವ ಎರಡೂ ಇರುವಲ್ಲಿ ಅಸಿಟೇಟ್ ಫಿಲಂ ವಿನೆಗರಿನ ಹುಳಿ ನಾತ ಬಿಟ್ಟುಕೊಂಡು ಸುರುಟಿ ಹೋಗುತ್ತದೆ. ದುಡ್ಡು ಹಾಕಿ ಉಳಿಸಿಕೊಂಡವರು ಇದ್ದಾರೆ: ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಬಳಿದುಕೊಂಡು ಬಂದವು, ‘ನಾಗರಹಾವು’ 2018ರಲ್ಲಿ ಹೊಸ ಶಬ್ದದೊಂದಿಗೆ ಬಂತು. ಅಷ್ಟರೊಳಗೆ ಥಿಯೇಟರಿಗೆ ಡಬ್ಬಿ ಬರುವುದೇ ನಿಂತಿತ್ತು. ಹಾರ್ಡ್‌ಡಿಸ್ಕ್, ಉಪಗ್ರಹ, ಪಾಸ್‌ವರ್ಡು. ಚಿಕ್ಕಪ್ಪನಿಗೆ ಬಟನ್ ಒತ್ತುವ ಕೆಲಸ ಬೇಡವಾಯಿತು, ಸ್ವಲ್ಪ ತೆಂಗಿನ ತೋಟ ಇತ್ತು, ನೋಡಿಕೊಂಡ.

ಈಗ ಮರುಬಿಡುಗಡೆಯ ಸುಗ್ಗಿ. 2024ರಲ್ಲಿ ‘ಜಾಕಿ’, 2025ರ ಮಾರ್ಚ್‌ನಲ್ಲಿ ‘ಅಪ್ಪು’. ‘ಅಪ್ಪು’ ಕೂಡ ಒಂದು ಪ್ರೇಮಕಥೆಯೇ, ಬೆಳಗಿನ ಶೋಗೆ ನಾನೂ ಹೋಗಿದ್ದೆ. ಕಟೌಟು, ಹಾಲು, ಪಟಾಕಿ, ಮೊಬೈಲು ಎತ್ತಿ ಹಿಡಿದ ನೂರಾರು ಕೈ. ಅದರ ನಾಯಕ ಪುನೀತ್ ಈಗ ಇಲ್ಲದ ನೋವನ್ನು ಹುಡುಗರು ಕುಣಿದು ತೀರಿಸಿಕೊಳ್ಳುತ್ತಿದ್ದರು. ಅದರ ಮುಂದೆ ನನ್ನ ತಕರಾರು ಏನೂ ಇಲ್ಲ. ಹೆಂಗಸರು ಎಲ್ಲಿ ಎಂದು ಮಾತ್ರ ಕಣ್ಣು ಹುಡುಕಿತು, ಅಲ್ಲೊಬ್ಬರು ಇಲ್ಲೊಬ್ಬರು. ಮರುಬಿಡುಗಡೆ ಈಗ ನಾಯಕನಟರ ಹುಟ್ಟುಹಬ್ಬದ ಲೆಕ್ಕದಲ್ಲಿ ನಡೆಯುತ್ತದೆ. ಗೌರಿಗೆ ಹುಟ್ಟುಹಬ್ಬ ಇಲ್ಲವಲ್ಲ.

ಊರ ಕಡೆ ಹೋದಾಗ ತಾಲೂಕಿನ ಥಿಯೇಟರಿನ ಮ್ಯಾನೇಜರನ್ನು ಕೇಳಿದೆ, ಒಂದು ವಾರ ‘ಎರಡು ಕನಸು’ ಹಾಕಬಾರದೇ ಎಂದು. ‘ಹಾಕಬಹುದು ಸಾರ್. ಮ್ಯಾಟ್ನಿಗೆ ಯಾರು ಬರ್ತಾರೆ? ಆ ಟೈಮಲ್ಲಿ ಮನೇಲಿ ಸೀರಿಯಲ್ಲು. ನನ್ನ ಹೆಂಡ್ತೀನೇ ಬರಲ್ಲ’ ಎಂದರು. ಮಾತಿನಲ್ಲಿ ಸುಳ್ಳಿರಲಿಲ್ಲ.

ಚಿಕ್ಕಮ್ಮ ಈಗ ಅದನ್ನು ಯೂಟ್ಯೂಬಿನಲ್ಲಿ ನೋಡುತ್ತಾಳೆ, ಮೊಮ್ಮಗ ಹಾಕಿಕೊಡಬೇಕು. ಮೊದಲರ್ಧ ಬೇಡ, ಸೀದಾ ಮದುವೆ ಆದ ಮೇಲಿಂದ. ಕಳೆದ ದೀಪಾವಳಿಗೆ ಹೋದಾಗ ಕಲ್ಪನಾದೇ ಇನ್ನೊಂದು ಸಿನಿಮಾ ಓಡುತ್ತಿತ್ತು, ಗೀರು ಬಿದ್ದ ಯಾವುದೋ ಹಳೇ ಪ್ರಿಂಟಿನಿಂದ ಇಳಿಸಿದ್ದು. ಒಂದು ಕಡೆ ಚಿತ್ರ ಟಕ್ಕನೆ ಹಾರಿತು. ‘ಇಲ್ಲೊಂದು ಸೀನಿತ್ತು ಕಣೋ, ತಿಂದು ಹಾಕವ್ರೆ’ ಎಂದು ಮೊಬೈಲನ್ನು ಮಡಿಲಿಗೆ ಮಗುಚಿ, ಇಲ್ಲದ ಆ ದೃಶ್ಯವನ್ನು ಹುಡುಗನಿಗೆ ಪೂರ್ತಿ ಹೇಳಿದಳು, ಇಬ್ಬರ ಮಾತನ್ನೂ ತಾನೇ ಆಡಿ. ಅವನು ಬಾಯಿಬಿಟ್ಟು ಕೇಳುತ್ತಿದ್ದ. ಮೊಬೈಲು ಮಡಿಲಲ್ಲಿ ಒಂದು ಟೂತ್‌ಪೇಸ್ಟಿನ ಜಾಹೀರಾತನ್ನು ಹಾಡಿಕೊಳ್ಳುತ್ತಿತ್ತು.