ಬಣವಿಯ ನೆರಳಿನಲ್ಲಿ ಒಂದು ಎಳ್ಳಮಾವಾಸ್ಯೆ

ಸೊಲ್ಲಾಪುರದಿಂದ ಹೊರಟು ಭೀಮೆಯನ್ನು ದಾಟಿದ ಮೇಲೆ ಎರೆಯ ಕಪ್ಪು ನೆಲ ಕಣ್ಣು ಹರಿಯುವವರೆಗೂ ಹಬ್ಬಿಕೊಳ್ಳುತ್ತದೆ. ಎಳ್ಳಮಾವಾಸ್ಯೆಯ ಆ ಮುಂಜಾವು ಮಂಗಳವೇಢೆಯ ದಾರಿಯುದ್ದಕ್ಕೂ ಬುತ್ತಿಯ ಬುಟ್ಟಿ ಹೊತ್ತ ಹೆಣ್ಣುಮಕ್ಕಳು, ಸಿಂಗರಿಸಿದ ಎತ್ತಿನ ಬಂಡಿಗಳು, ಅವುಗಳಿಗಿಂತ ಹೆಚ್ಚಾಗಿ ಮೋಟಾರು ಸೈಕಲ್ಲುಗಳು ನಮ್ಮ ಜೊತೆಯಾದವು. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮುನ್ನ ಬಿಜ್ಜಳನ ಸೇವೆಯಲ್ಲಿದ್ದ ಊರಿದು. ಇಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೆ ನಾವು ಕಾಳನ್ನು ನೋಡಲು ಹೊರಟವರಲ್ಲ. ಕಣಿಕೆಯನ್ನು ನೋಡಲು ಹೊರಟವರು.

ಉಮದಿಯ ಕಡೆಗೆ ತಿರುಗುವ ದಾರಿಯಲ್ಲಿ ನಮ್ಮ ಪರಿಚಿತರ ಹೊಲ. ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪೂಜಿಸಿ, ಪೈರಿನ ನಡುವೆ ಚರಗ ಚೆಲ್ಲಿ ಬಂದ ಹಿರಿಯರು ನಮ್ಮನ್ನು ಹೊಲದೊಳಕ್ಕೆ ಕರೆದೊಯ್ದರು. ಜೋಳ ಆಳೆತ್ತರ ಬೆಳೆದು ತೆನೆ ಹಾಲುಗಟ್ಟುತ್ತಿತ್ತು. ಅಂಚಿಗೆ ಬೇಲಿಯಂತೆ ಮುಳ್ಳಿನ ಕುಸುಬಿ.

ಈ ಪೈರಿನ ಬಾಳೇ ಒಂದು ಸೋಜಿಗ. ಮುಂಗಾರಿನಲ್ಲಿ ಹೊಲವನ್ನು ಬರಿದಾಗಿಟ್ಟು, ಮಳೆಯನ್ನೆಲ್ಲ ನೆಲಕ್ಕೆ ಕುಡಿಸಿ, ಉತ್ತರೆ ಹಸ್ತದ ಹೊತ್ತಿಗೆ ಕೂರಿಗೆ ಹೂಡುತ್ತಾರೆ. ಅಲ್ಲಿಂದ ಮುಂದೆ ಸುಮಾರು ನಾಲ್ಕು ತಿಂಗಳು ಬೆಳೆ ಬದುಕುವುದು ಬಹುಮಟ್ಟಿಗೆ ಎರೆ ಹಿಡಿದಿಟ್ಟ ಹಸಿಯಿಂದ, ಚಳಿಗಾಲದ ಇಬ್ಬನಿಯ ತಂಪಿನಲ್ಲಿ. ನೆಲ ಬಿರಿದರೆ ಹಸಿ ಹಾರಿಹೋಗುವುದರಿಂದ ಎಡೆಕುಂಟೆ ಹೊಡೆದು ಬಿರುಕು ಮುಚ್ಚುತ್ತಾರೆ. ಇಲ್ಲಿ ಬಿತ್ತುವುದು ಹೆಚ್ಚಾಗಿ ಮಾಲದಂಡಿ. ಇದೇ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಆಯ್ದ ಎಂ 35-1 ತಳಿ ಇಂದಿಗೂ ಅಳಿದಿಲ್ಲ. ಮುಂಗಾರಿಯ ಗಿಡ್ಡ ಸಂಕರ ತಳಿಗಳು ಕಾಳು ಹೆಚ್ಚು ಕೊಟ್ಟರೂ ಮೇವಿನಲ್ಲಿ ಇದಕ್ಕೆ ಸಮನಾಗಲಿಲ್ಲ. ಎಲೆ ತುಂಬಿದ ಈ ಕಣಿಕೆಯನ್ನು ದನಗಳು ಇಷ್ಟಪಟ್ಟು ಮೆಲ್ಲುತ್ತವೆ.

ಹಾಗೆಂದು ಹಸಿರಿದ್ದಾಗ ದನ ಬಿಟ್ಟರೆ ಕೇಡು. ಎಳೆಯ ಪೈರಿನಲ್ಲಿ, ಅದರಲ್ಲಿಯೂ ಬರದಿಂದ ಬಾಡಿದ್ದರಲ್ಲಿ, ದನವನ್ನು ಗಳಿಗೆಯಲ್ಲಿ ಕೆಡಹುವ ವಿಷವಿರುತ್ತದೆ. ಬೆಳೆ ಬಲಿತಂತೆ ಅದು ತಗ್ಗುತ್ತದೆ. ಬಿಸಿಲಿಗೆ ಒಣಗಿದ ಮೇಲೆ ಇನ್ನೂ ಇಳಿಯುತ್ತದೆ. ಅಂಚಿನ ಕುಸುಬಿಯ ಮುಳ್ಳಿಗೆ ಈ ಅರ್ಥವೂ ಉಂಟೆಂಬುದು ನಮಗೆ ಅಂದು ಹೊಳೆಯಿತು.

ಸಜ್ಜೆಯ ಕಡುಬು, ಭಜ್ಜಿ, ಎಣ್ಣೆಗಾಯಿಗಳ ಊಟವಾದ ಮೇಲೆ ಬಣವಿಯ ನೆರಳಿನಲ್ಲಿ ಮಾತು ಬಿಸಿಯಾಯಿತು. ಮಗನಿಗೆ ನಾಲ್ಕು ಎಕರೆಯಲ್ಲಿ ಎರಡಕ್ಕೆ ದಾಳಿಂಬೆ ಹಾಕುವ ಆಸೆ. ತಂದೆ ಬೆರಳು ಮಡಚಿ ಲೆಕ್ಕ ಹೇಳಿದರು: ಖಿಲಾರಿ ಜೋಡಿಗೆ ದಿನಕ್ಕೆ 16 ಕಿಲೋ ಒಣಮೇವು, ವರ್ಷಕ್ಕೆ ಆರು ಟನ್ನಿಗೆ ಸಮೀಪ, ಎಕರೆಗೆ ಒಂದೂವರೆ ಟನ್ನು ಬಂದರೆ ನಾಲ್ಕೆಕರೆಯೂ ಎತ್ತಿಗೇ ಬೇಕು. “ಹಂಗಾದ್ರ ಎತ್ತು ನಮ್ಮನ್ನ ಸಾಕತಾವೋ, ನಾವು ಎತ್ತನ್ನ ಸಾಕತೀವೋ?” ಎಂದ ಮಗ. ಅವನ ಮಾತಿನಲ್ಲಿಯೂ ಸುಳ್ಳಿರಲಿಲ್ಲ. ಜೋಳವನ್ನು ಬೇರುಸಹಿತ ಕೀಳಲು ಆಳು ಸಿಗದು. ಸಿಕ್ಕರೆ ಕೂಲಿ ನಿಲುಕದು.

ಆಗ ಅಷ್ಟು ಹೊತ್ತು ಸುಮ್ಮನಿದ್ದ ತಾಯಿ ಬಾಯಿ ತೆರೆದರು. 2018–19ರ ಬರದಲ್ಲಿ ಬಣವಿ ಮುಗಿದು, ಎತ್ತುಗಳನ್ನು ಮೇವಿನ ಛಾವಣಿಗೆ ಹೊಡೆದುಕೊಂಡು ಹೋಗಿ, ಕಬ್ಬು ತಿನ್ನಿಸಿ, ಕೊನೆಗೆ ಸಂತೆಯಲ್ಲಿ ಮಾರಿ ಬಂದ ಕಥೆ ಅದು. ಈಗಿನ ಜೋಡಿ ಆಮೇಲೆ ಕರುಗಳಾಗಿ ತಂದದ್ದು. “ಕಾಳು ರೇಶನ್ ಅಂಗಡ್ಯಾಗರೇ ಸಿಗತಾವ. ಕಣಿಕಿ ಯಾರು ಕೊಡತಾರ?” ಎಂದರು. ಮಗ ಮರುಮಾತಾಡಲಿಲ್ಲ, ಎದ್ದು ಹೋಗಿ ಎತ್ತುಗಳ ಮುಂದೆ ಒಂದು ಸೂಡು ಬಿಚ್ಚಿದ.

ತೀರ್ಮಾನವೇನಾಯಿತೆಂದು ಕೇಳುವುದು ಅತಿಥಿಗಳಾದ ನಮಗೆ ತಕ್ಕದ್ದಾಗಿರಲಿಲ್ಲ. ಇಳಿಹೊತ್ತಿನಲ್ಲಿ ಬೀಳ್ಕೊಡಲು ಬಂದ ಹಿರಿಯರೇ ನಮ್ಮ ಮನಸ್ಸನ್ನು ಅರಿತವರಂತೆ, “ಒಂದು ಎಕರೆ ಅವನದು, ಮೂರು ಎತ್ತಿನವು, ಕಡಿಮಿ ಬಿದ್ದದ್ದನ್ನ ಕೊಂಡು ಹಾಕತೀವಿ” ಎಂದರು. ಬಳಿಕ ನಕ್ಕು, “ಎಳ್ಳಮಾಸಿಗೆ ಉಣ್ಣಾಕ ಎಲ್ಲಾರೂ ಬರತಾರ. ಮಾಘದಾಗ ಕೀಳಾಕ ಬರ್ರಿ” ಎಂದು ಸೇರಿಸಿದರು.

ನಗರದ ನಮ್ಮ ಕೈಗಳನ್ನು ನಾವು ನೋಡಿಕೊಂಡೆವು. ಬರುತ್ತೇವೆಂದು ಮಾತು ಕೊಟ್ಟಿದ್ದೇವೆ.