ಬೀದಿಯ ಮಾತು, ಪ್ರಾಸದ ಹಾಡು

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಆರಿಸಿಕೊಂಡ ವಿಷಯ ಅಮೆರಿಕೆಯ ಹಿಪ್ ಹಾಪ್ ಸಂಗೀತ. ಎಪ್ಪತ್ತು ದಾಟಿದ ಹೆಡ್ಮಾಸ್ತರನಿಗೆ ಇದೆಂತಹ ಚಪಲವೆಂದು ಹಳೆಯ ವಿದ್ಯಾರ್ಥಿಗಳು ನಕ್ಕಾರು. ಮೊಮ್ಮಗನು ಮೊಬೈಲಿನಲ್ಲಿ ಚಂದನ್ ಶೆಟ್ಟಿಯವರ ಕನ್ನಡ ರ‍್ಯಾಪ್ ಕೇಳುತ್ತ, "ತಾತಾ, ಇದೂ ಪದ್ಯವೇನು?" ಎಂದು ಪ್ರಶ್ನಿಸಿದ್ದೇ ಇದಕ್ಕೆ ಕಾರಣ.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ ಹುಡುಗಿಯೊಬ್ಬಳು, ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆ ಕೊಳ್ಳಲೆಂದು, ಪ್ರವೇಶ ಶುಲ್ಕವಿಟ್ಟು ಕುಣಿತದ ಕೂಟವೊಂದನ್ನು ಏರ್ಪಡಿಸಿದಳು. ಅಲ್ಲಿ ಧ್ವನಿಮುದ್ರಿಕೆ ನುಡಿಸಿದವನು ಆಕೆಯ ಸೋದರ, ಜಮೈಕಾದಿಂದ ವಲಸೆ ಬಂದ ಕೂಲ್ ಹರ್ಕ್. ಒಂದೇ ಹಾಡಿನ ಎರಡು ತಟ್ಟೆಗಳನ್ನು ಅಕ್ಕಪಕ್ಕ ತಿರುಗಿಸಿ, ತಾಳವಾದ್ಯ ಮಾತ್ರ ಮೊಳಗುವ ಭಾಗವನ್ನು ಮತ್ತೆ ಮತ್ತೆ ಬೆಳೆಸುವುದು ಆತನ ಜಾಣ್ಮೆ. ಆ ತಾಳದ ಮೇಲೆ ಪ್ರಾಸಬದ್ಧವಾಗಿ ಆಡಿದ ಮಾತೇ ರ‍್ಯಾಪ್ ಆಯಿತು.

ಮೊದಲು ಅದು ವಿನೋದದ ಹಾಡು. 1982ರಲ್ಲಿ 'ದಿ ಮೆಸೇಜ್' ಬಂದಾಗ ಬಡಕೇರಿಯ ಬವಣೆ ಅದರ ವಸ್ತುವಾಯಿತು. 1988ರಲ್ಲಿ ಪಶ್ಚಿಮ ತೀರದ ಕಾಂಪ್ಟನ್ನಿನ ತರುಣರು ಪೊಲೀಸರ ದೌರ್ಜನ್ಯದ ವಿರುದ್ಧ ಸಿಟ್ಟನ್ನು ಹಾಡಿದರು. ಮುಂದೆ ದಕ್ಷಿಣದ ಅಟ್ಲಾಂಟಾ ತನ್ನ ರಾಗವೆಳೆತವನ್ನು ಸೇರಿಸಿತು. 2018ರಲ್ಲಿ ಕಾಂಪ್ಟನ್ನಿನವರೇ ಆದ ಕೆಂಡ್ರಿಕ್ ಲಮಾರ್ ಅವರಿಗೆ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಸಂದಿತು. ಈ ಹಾಡುಗಳಲ್ಲಿ ಬೈಗುಳವೂ ಸ್ತ್ರೀನಿಂದೆಯೂ ಉಂಟು. ಅವನ್ನು ನಾನು ಮೆಚ್ಚಲಾರೆ. ಆದರೆ ಪ್ರತಿಯೊಂದು ಊರೂ ತನ್ನ ಆಡುಮಾತಿನಲ್ಲಿಯೇ ಹಾಡಿ ಗೌರವ ಗಳಿಸಿತೆಂಬುದು ಮನನೀಯ.

ನಮಗೆ ಇದು ತೀರ ಹೊಸತಲ್ಲ. ಉತ್ತರ ಕರ್ನಾಟಕದ ಗೀಗೀ ಮೇಳಗಳಲ್ಲಿ ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಸವಾಲು-ಜವಾಬು ಹಾಡುತ್ತಾರೆ. ರ‍್ಯಾಪ್ ಕವಿಗಳ ಪೈಪೋಟಿಯೂ ಅಂತಹುದೇ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟರೆ, ಇವರು ಸಾಲಿನ ನಡುವೆಯೂ ಕೊನೆಯಲ್ಲಿಯೂ ಇಡುತ್ತಾರೆ.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಅಂದಿನಿಂದ ನಮ್ಮ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. "ನಮ್ಮದು ಬೆರಕೆ ಕನ್ನಡ, ಸಾರ್" ಎಂದು ತಲೆ ತಗ್ಗಿಸಿದ ಮಕ್ಕಳನ್ನು ನನ್ನ ತರಗತಿಗಳಲ್ಲಿ ವರ್ಷವರ್ಷವೂ ಕಂಡಿದ್ದೇನೆ. ನಾಚಿಕೆಯಿಂದ ಬಿಟ್ಟ ಮಾತು ಒಂದೇ ತಲೆಮಾರಿನಲ್ಲಿ ಮನೆಯಿಂದಲೂ ಹೋಗುತ್ತದೆ. ಆದುದರಿಂದ ಮೊಮ್ಮಗನಿಗೆ ಹೇಳಿದೆ: "ಇದೂ ಪದ್ಯವೇ ಕಣಪ್ಪಾ. ನೀನೂ ನಮ್ಮೂರ ಮಾತಿನಲ್ಲಿ ನಾಲ್ಕು ಸಾಲು ಕಟ್ಟು."

ಶಾಲೆಯ ವಾರ್ಷಿಕೋತ್ಸವದಲ್ಲಿ ಕೋಲಾಟದೊಡನೆ ಅಂತಹ ಹಾಡಿಗೂ ಎಡೆ ದೊರೆಯಲಿ, ಕನ್ನಡದ ಈ ಮಂದಿರ ಶತಮಾನೋತ್ಸವವನ್ನೂ ಕಾಣಲಿ ಎಂದು ಹಾರೈಸುತ್ತೇನೆ.